ಬಿತ್ತನೆಗೆ ಬಿಟ್ಟ ಹುಳ

ನಮ್ಮ ಮನೆಯಲ್ಲಿ ಎರಡು ಬಗೆಯ ಔಷಧಿ ಇರುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿ ಅರಿಸಿನದ ಡಬ್ಬಿಯ ಪಕ್ಕ ಕೆಮ್ಮಿನ ಬಾಟಲಿ, ಜ್ವರದ ಮಾತ್ರೆ, ಅಜ್ಜಿಯ ಮಂಡಿಗೆ ಹಚ್ಚುವ ಎಣ್ಣೆ. ಹಿತ್ತಲ ಬಾಗಿಲ ಮೇಲಿನ ಅಟ್ಟದಲ್ಲಿ, ಗೋಣಿಚೀಲದ ಹಿಂದೆ, ಕೋಸಿನ ತೋಟಕ್ಕೆ ಹೊಡೆಯುವುದು. ಎರಡನ್ನೂ ಔಷಧಿ ಎಂದೇ ಕರೆಯುತ್ತಿದ್ದೆವು. ಯಾವ ಔಷಧಿ ಎಂದು ಯಾರೂ ಬಿಡಿಸಿ ಕೇಳುತ್ತಿರಲಿಲ್ಲ. ಹೇಳುವವರ ಕಣ್ಣು ಗೂಡಿನ ಕಡೆ ಹೋಯಿತೋ ಅಟ್ಟದ ಕಡೆ ಹೋಯಿತೋ ನೋಡಿ ತಿಳಿದುಕೊಳ್ಳಬೇಕಿತ್ತು. ಮುಂದೆ ಪತ್ರಿಕೆಯ ಡೆಸ್ಕಿನಲ್ಲಿ ಕೂತು ‘ಕೀಟನಾಶಕ’ ಎಂಬ ಪದವನ್ನು ಲೆಕ್ಕವಿಲ್ಲದಷ್ಟು ಸಲ ಬರೆದೆ, ತಿದ್ದಿದೆ, ತಲೆಬರಹಕ್ಕೆ ಹಿಡಿಸಲಿಲ್ಲವೆಂದು ಮೊಟಕುಗೊಳಿಸಿದೆ. ಆ ಪದವನ್ನು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ.

ಕೆಂಗೇರಿ ಉಪನಗರದ ಕೊನೆಯ ಬಸ್ ನಿಲ್ದಾಣದಲ್ಲಿ ಇಳಿದು ಹಿಂಬದಿಗೆ ನಡೆದರೆ, ಇನ್ನೂ ಸೈಟುಗಳಾಗದೆ ಊರಾಗಿಯೇ ಉಳಿದಿದ್ದ ಜಾಗದಲ್ಲಿ ನಮ್ಮ ಮನೆಯಿತ್ತು. ಮುಂಬಾಗಿಲಲ್ಲಿ ನಿಂತರೆ ಉಪನಗರದ ಒಂದೇ ಅಚ್ಚಿನ ಮನೆಗಳ ತಾರಸಿಗಳು, ಅವುಗಳ ಮೇಲೆ ಟಿವಿ ಆಂಟೆನಾಗಳು. ಹಿಂಬಾಗಿಲಲ್ಲಿ ನಿಂತರೆ ಕೋಸಿನ ಸಾಲುಗಳು. ನಡುಮನೆ, ಅಡುಗೆಮನೆ, ದೇವರ ಗೂಡಿದ್ದ ಒಂದು ಸಣ್ಣ ಕೋಣೆ, ಹಿಂದೆ ಬಚ್ಚಲು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮ ಅಜ್ಜಿ, ನಾನು. ಕೋಸು ಟೆಂಪೋದಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಅದರಿಂದ ಮನೆ ಸರಾಗವಾಗಿ ನಡೆಯುತ್ತಿತ್ತು. ಊಟಕ್ಕೆ, ಬಟ್ಟೆಗೆ, ನನ್ನ ಶಾಲೆಗೆ ಕೊರತೆಯಾದ ನೆನಪು ನನಗಿಲ್ಲ. ಆ ವರ್ಷಗಳನ್ನು ನೆನೆದರೆ ಮೊದಲು ಬರುವುದು ಹೆದರಿಕೆಯೇ, ಮತ್ತು ಆ ಹೆದರಿಕೆಗೆ ಒಂದು ವಾಸನೆ ಇದೆ: ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂಥ ಘಾಟು.

ಅಜ್ಜಿಯ ಆಳ್ವಿಕೆ ಇದ್ದದ್ದು ಬೀಜದ ಮೇಲೆ. ಅಡುಗೆಮನೆಯ ತೊಲೆಗೆ ಒಣಗಿದ ಹೀರೇಕಾಯಿ, ಸೋರೇಕಾಯಿ, ಸಿಪ್ಪೆ ಹಿಂದಕ್ಕೆ ಮಡಚಿ ಕಟ್ಟಿದ ಜೋಳದ ತೆನೆ ಸದಾ ನೇತಾಡುತ್ತಿದ್ದವು. ಬಾವಿಯ ಪಕ್ಕದ ಬದನೆ ಗಿಡದಲ್ಲಿ ಒಂದೆರಡು ಕಾಯಿ ಹಳದಿಯಾಗಿ ಮುದುಡುವವರೆಗೂ ಹಾಗೇ ಇರುತ್ತಿದ್ದವು. ಅವುಗಳ ತೊಟ್ಟಿಗೆ ಅಜ್ಜಿ ಹಳೇ ಸೀರೆಯ ಅಂಚಿನ ಚೂರು ಕಟ್ಟಿರುತ್ತಿದ್ದಳು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಒಮ್ಮೆ ಸಾರಿಗೆ ಕಾಯಿ ಸಾಲದೆ ಅಮ್ಮ ಅಂಥದ್ದೊಂದನ್ನು ಕಿತ್ತುಕೊಂಡು ಬಂದಾಗ ಅಜ್ಜಿ ಎರಡು ಹೊತ್ತು ಊಟ ಬಿಟ್ಟಳು. ಯಾವುದನ್ನು ಬಿಡಬೇಕು ಎಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದ್ದೆ.

“ಗಟ್ಟಿಯಾಗಿರೋದ್ನ ಬಿತ್ತನೆಗೆ ಬಿಡಾದು ಕಣಮ್ಮಿ. ಮಿಕ್ಕಿದ್ದು ಸಾರಿಗೆ.”

ಕೋಸಿಗೆ ಮಾತ್ರ ಅವಳ ಆಳ್ವಿಕೆ ನಡೆಯುತ್ತಿರಲಿಲ್ಲ. ಕೋಸಿನ ಬೀಜ ಹಳೇ ಕೆಂಗೇರಿಯ ಗಂಗಣ್ಣನ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತಿತ್ತು. ಅದಕ್ಕೆ ಹೊಡೆಯುವ ಔಷಧಿಯೂ ಅಲ್ಲಿಂದಲೇ. ಹೀಗಾಗಿ ಕೋಸು ಅಪ್ಪನದು, ಉಳಿದ ಸೊಪ್ಪು ತರಕಾರಿ ಅಜ್ಜಿಯದು ಎಂಬ ಗಡಿಯೊಂದು ಮನೆಯಲ್ಲಿತ್ತು. ಕೋಸಿನ ಬಗ್ಗೆ ಏನಾದರೂ ಹೇಳಬೇಕೆನಿಸಿದರೆ ಅಜ್ಜಿ ಅಪ್ಪನಿಗೆ ಹೇಳದೆ ಎಮ್ಮೆಗೆ ಹೇಳುತ್ತಿದ್ದಳು, ಅಪ್ಪನಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ.

ಔಷಧಿ ಹೊಡೆಯುವ ದಿನಕ್ಕೆ ಮನೆಯಲ್ಲಿ ಮಡಿಯಂಥ ಕಟ್ಟುಪಾಡುಗಳಿದ್ದವು. ಅವತ್ತು ಬಟ್ಟೆ ಒಗೆದು ಹೊರಗೆ ಹರವುವಂತಿಲ್ಲ. ಎಮ್ಮೆ ಕೊಟ್ಟಿಗೆಯಿಂದ ಆಚೆ ಬರುವಂತಿಲ್ಲ. ಬಾವಿಗೆ ತಗಡು ಮುಚ್ಚಬೇಕು. ಅಪ್ಪ ಅದಕ್ಕೆಂದೇ ಇಟ್ಟಿದ್ದ ಖಾಕಿ ಅಂಗಿ ತೊಟ್ಟು, ಬಾಯಿಗೆ ಟವೆಲು ಕಟ್ಟಿ, ಪಂಪು ಬೆನ್ನಿಗೆ ಹಾಕಿಕೊಂಡು ಹೊರಟರೆ ಮತ್ತೆ ಸ್ನಾನ ಮುಗಿಯುವವರೆಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ಬಚ್ಚಲಲ್ಲಿ ಅವನಿಗೆ ಬೇರೆ ಸೋಪಿತ್ತು. ನೀರಿಗೆ ಬೆರೆಸುವ ಅಳತೆ ಬಾಟಲಿಯ ಮುಚ್ಚಳ: ಒಂದು ಪಂಪಿಗೆ ಒಂದು ಮುಚ್ಚಳ. ಹೊಡೆದ ಮಾರನೇ ಬೆಳಿಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಎಲೆ ಮಗುಚಿ ತೋರಿಸುತ್ತಿದ್ದ. ಎಲೆಯ ಅಡಿಯಲ್ಲಿ ಹುಳಗಳು ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿರುತ್ತಿದ್ದವು. ಬದುಕಿದ್ದಾಗ ಅವು ತಿಳಿಹಸಿರು, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಮುಟ್ಟಿದರೆ ಹಿಂದಕ್ಕೆ ಹೊರಳಾಡಿ ಎಲೆಯಿಂದ ಜಾರಿ, ಬಾಯಿಂದ ಬಿಟ್ಟ ನೂಲಿನಲ್ಲಿ ತೂಗಾಡುತ್ತಿದ್ದವು. ನಮ್ಮ ಮನೆಯಲ್ಲಿ ಅದಕ್ಕೆ ತೂಗೋ ಹುಳ ಎಂದು ಹೆಸರು. ಅದು ಬೂದು ಬಣ್ಣದ ಪುಟ್ಟ ಪತಂಗವಾಗಿ ಸಾಲುಗಳ ಮೇಲೆ ಹಾರುವುದನ್ನು ನೋಡಿದ್ದೆವು. ಅದೇ ಇದು ಎಂದು ನನಗೆ ತಿಳಿದದ್ದು ತಡವಾಗಿ.

ಒಂದು ಬೆಳೆಯಲ್ಲಿ, ಹೊಡೆದ ಮಾರನೇ ಬೆಳಿಗ್ಗೆ ಎಲೆ ಮಗುಚಿದಾಗ, ಸತ್ತವುಗಳ ನಡುವೆ ಒಂದೆರಡು ತಿಳಿಹಸಿರು ಹುಳಗಳು ತಿನ್ನುತ್ತಾ ಇದ್ದವು. ಅಪ್ಪ ಅದನ್ನು ದೊಡ್ಡದು ಮಾಡಲಿಲ್ಲ. ಎಲೆಯ ಅಡಿಗೆ ಸರಿಯಾಗಿ ಬಿದ್ದಿಲ್ಲ ಎಂದ. ಮುಂದಿನ ಸಲ ಮುಚ್ಚಳ ಎರಡಾಯಿತು. ಆಗ ಸತ್ತವು. ಮತ್ತೆ ಕೆಲವು ವಾರಕ್ಕೆ ಎರಡು ಮುಚ್ಚಳಕ್ಕೂ ಕೆಲವು ಸಾಯಲಿಲ್ಲ. ಮುಚ್ಚಳ ಏರಿದಂತೆ ಮನೆಯ ಘಾಟೂ ಏರಿತು. ಮುಂದಿನ ಬೆಳೆ ಬರುವ ಹೊತ್ತಿಗೆ ಅಪ್ಪ ಮುಚ್ಚಳದಲ್ಲಿ ಅಳೆಯುವುದನ್ನೇ ಬಿಟ್ಟು ಬಾಟಲಿಯಿಂದ ನೇರವಾಗಿ ಸುರಿಯತೊಡಗಿದ್ದ. ಅಮ್ಮ ಹಿತ್ತಲ ಕಿಟಕಿಗೆ ಗೋಣಿ ಹೊಡೆದಳು. ಕೋಸಿನ ಎಲೆಗಳು ಮಾತ್ರ ಜರಡಿಯಾಗುತ್ತಲೇ ಹೋದವು.

ಅಪ್ಪ ತಲುಪಿದ ತೀರ್ಮಾನ ಒಂದೇ: ಔಷಧಿ ಕಲಬೆರಕೆ. ಹಾಲಿಗೆ ನೀರು ಬೆರೆಸುತ್ತಾರೆ, ಮೆಣಸಿನಪುಡಿಗೆ ಇಟ್ಟಿಗೆಪುಡಿ ಬೆರೆಸುತ್ತಾರೆ, ಔಷಧಿಗೆ ಯಾಕೆ ಬೆರೆಸಬಾರದು? ನಮ್ಮ ಸುತ್ತಮುತ್ತ ತರಕಾರಿ ಬೆಳೆಯುವವರೆಲ್ಲ ಆಗ ಹೀಗೇ ಯೋಚಿಸುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವನು ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಗಂಗಣ್ಣನ ಅಂಗಡಿಗೆ ಹೋದ. ಅಂಗಡಿಯಲ್ಲಿ ಇನ್ನೂ ನಾಲ್ಕಾರು ಜನರಿದ್ದರು. ಅವರೆದುರಿಗೇ ಬಾಟಲಿಯನ್ನು ಮೇಜಿನ ಮೇಲಿಟ್ಟು, ನೀರು ಮಾರುವುದಾದರೆ ನಮ್ಮ ಬಾವಿಯಲ್ಲೇ ಇದೆ ಎಂದ. ಗಂಗಣ್ಣ ಸಣ್ಣಗೆ ಮಾತಾಡುವ, ಸದಾ ವೀಳ್ಯದೆಲೆ ಜಗಿಯುವ ಮನುಷ್ಯ. ಅವನು ಸಿಟ್ಟಾಗಲಿಲ್ಲ.

“ಮನೇಲಿ ಇರುವೆ ಐತಾ ಗೌಡ್ರೆ? ಬೆಲ್ಲದಲ್ಲಿ ಒಂದು ತೊಟ್ಟು ಹಾಕಿ ಇಟ್ನೋಡಿ. ಬದುಕಿದ್ರೆ ಬಂದು ನನ್ನ ಮುಖಕ್ಕೆ ಉಗೀರಿ.”

ಆ ಪರೀಕ್ಷೆ ನಮ್ಮ ಹೊಸ್ತಿಲಲ್ಲೇ ನಡೆಯಿತು. ಅಪ್ಪ ಒಂದು ಚೂರು ಬೆಲ್ಲವನ್ನು ಬಾಳೆಎಲೆಯ ತುಂಡಿನ ಮೇಲಿಟ್ಟು, ಕಡ್ಡಿಯಲ್ಲಿ ಅದ್ದಿ ಒಂದು ತೊಟ್ಟು ಬಿಟ್ಟ. ಗೋಡೆಯ ಬಿರುಕಿನಿಂದ ಇರುವೆ ಸಾಲು ಹೊರಟಿತು. ನಾವೆಲ್ಲ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಬೆಲ್ಲ ಮುಟ್ಟಿದವು ಕಾಲು ಮಡಚಿಕೊಂಡು ಮಗುಚಿಬಿದ್ದವು. ಹಿಂದಿನವು ಅವುಗಳನ್ನು ಹೊತ್ತು ಒಯ್ಯಲು ಹೋಗಿ ತಾವೂ ಬಿದ್ದವು. ಅಪ್ಪ ಬಚ್ಚಲಿಗೆ ಹೋಗಿ ಮೋರಿಯ ಬಾಯಿಗೆ ಸುರಿದ. ಜಿರಳೆಗಳು ಹೊರಗೆ ಬಂದು ಬೆನ್ನ ಮೇಲೆ ಸುತ್ತಿ ಸುತ್ತಿ ಸತ್ತವು. ಸಂಜೆಯೊಳಗೆ ನಮ್ಮ ಚುಕ್ಕೆ ಕೋಳಿಯೂ ಸತ್ತಿತು. ಹೊಸ್ತಿಲ ಇರುವೆಗಳನ್ನು ಗುಡಿಸಿ ತಿಪ್ಪೆಗೆ ಹಾಕಿದ್ದನ್ನು ಅದು ಹೆಕ್ಕಿ ತಿಂದಿತ್ತು. ಅಮ್ಮ ಅದನ್ನು ಎತ್ತಿ ದೂರ ಹೂಳಿದಳು. ಸಾರು ಮಾಡೋಣವೇ ಎಂದು ಅವತ್ತು ಅಜ್ಜಿಯೂ ಕೇಳಲಿಲ್ಲ. ಅಪ್ಪ ನಡುಮನೆಯ ಕಂಬಕ್ಕೆ ಒರಗಿ ಕೂತ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದ.

“ಔಷಧಿ ಅಸಲೀನೇ. ಹಂಗಾದ್ರೆ ಈ ಹುಳ ಯಾವ್ದು?”

ನನ್ನ ಹೆದರಿಕೆ ಶುರುವಾದದ್ದು ಆ ಮಾತಿನಿಂದ. ಅಲ್ಲಿಯವರೆಗೆ ಹುಳ ಎಂದರೆ ನನಗೆ ಅಸಹ್ಯವಷ್ಟೇ. ಅವತ್ತಿನಿಂದ ಅದು ಬೇರೆಯಾಯಿತು. ನಮ್ಮ ಮನೆಯ ಇರುವೆ, ಜಿರಳೆ, ಕೋಳಿಯನ್ನು ಕೊಂದದ್ದನ್ನು ಕುಡಿದು, ಮಾರನೇ ದಿನ ಅದೇ ಎಲೆಯ ಮೇಲೆ ಕೂತು ತಿನ್ನುವ ಒಂದು ಜೀವ ಹಿಂಬಾಗಿಲಿಂದ ಕೂಗಳತೆಯಲ್ಲಿತ್ತು. ಮನೆಗೆಂದು ಬಿಟ್ಟ, ಬಾವಿ ಪಕ್ಕದ ಕೆಲವು ಕೋಸಿನ ಗಿಡಗಳಿಗೆ ಅಪ್ಪ ಹೊಡೆಯುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹೋಗುವ ಕೋಸು ಬೇರೆ, ನಮ್ಮ ತಟ್ಟೆಗೆ ಬರುವ ಕೋಸು ಬೇರೆ. ಅದರ ಬಗ್ಗೆ ಮನೆಯಲ್ಲಿ ಮಾತೇ ಇರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಆದರೆ ಆ ಗಿಡಗಳಲ್ಲೂ ತೂಗೋ ಹುಳ ಇದ್ದೇ ಇತ್ತು. ಅಮ್ಮ ಕೋಸನ್ನು ಉಪ್ಪು ನೀರಲ್ಲಿ ಮುಳುಗಿಸಿಡುತ್ತಿದ್ದಳು, ಹುಳ ತೇಲಿ ಮೇಲೆ ಬರುತ್ತಿದ್ದವು. ತೇಲದೆ ಉಳಿದವು? ಪಲ್ಯದ ಪ್ರತಿ ತುತ್ತನ್ನೂ ನಾನು ಬಿಡಿಸಿ ನೋಡತೊಡಗಿದೆ. ತಟ್ಟೆಯ ಅಂಚಿಗೆ ಸಾಸಿವೆ, ಕರಿಬೇವು, ತೆಂಗಿನ ಚೂರು ಬೇರೆ ಬೇರೆ ಗುಡ್ಡೆಗಳಾಗುತ್ತಿದ್ದವು. ಅಜ್ಜಿ ಅದನ್ನು ನೋಡಿ, ಇವಳನ್ನು ಅಕ್ಕಿ ಆರಿಸೋಕೆ ಯಾರಾದರೂ ಸಂಬಳಕ್ಕೆ ಇಟ್ಟುಕೊಂಡಾರು ಎಂದು ಎಮ್ಮೆಗೆ ಹೇಳಿದಳು.

ಆ ದಿನಗಳಲ್ಲೇ ಶಾಲೆಗೆ ಹೆಲ್ತ್ ಸೆಂಟರಿನವರು ಬಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಮ್ಮ ಮೇಷ್ಟರು ಎಲ್ಲರೂ ಹುಳದ ಔಷಧಿ ಕುಡಿಯಬೇಕು ಎಂದರು. ಹೊಟ್ಟೆಯ ಜಂತುಹುಳಕ್ಕೆ ಕೊಡುವ ಗುಲಾಬಿ ಬಣ್ಣದ ಸಿಹಿ ನೀರು ಅದು. ಹುಳದ ಔಷಧಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಸಾಲು ಬಿಟ್ಟು ಹಿಂದಕ್ಕೆ ಓಡಿದೆ. ನಮ್ಮ ಅಟ್ಟದ ಮೇಲಿದ್ದದ್ದೂ ಹುಳದ ಔಷಧಿಯೇ. ನಾನು ಬೆಂಚಿನ ಕಾಲು ತಬ್ಬಿಕೊಂಡು ಕೂತೆ. ಬಿಡಿಸಲು ಬಂದ ನರ್ಸಮ್ಮನಿಗೆ ನಮ್ಮ ಕೋಳಿ ಸತ್ತ ಕತೆ ಹೇಳಿದೆ; ಅವರು ಒಂದಕ್ಷರವೂ ಅರ್ಥವಾಗದೆ ನಕ್ಕರು. ನನ್ನ ಲೆಕ್ಕಾಚಾರ ಹೀಗಿತ್ತು: ಕುಡಿದರೆ ನಾನು ಸಾಯುತ್ತೇನೆ, ಹೊಟ್ಟೆಯಲ್ಲಿರುವ ಹುಳ ಸಾಯುವುದಿಲ್ಲ. ಅವತ್ತು ಇಡೀ ಶಾಲೆಯಲ್ಲಿ ಕುಡಿಯದೆ ಉಳಿದವಳು ನಾನೊಬ್ಬಳೇ. ಮನೆಗೆ ಬಂದು ಹೇಳಿದಾಗ ಅಮ್ಮ ಬೈಯಲಿಲ್ಲ. ಒಂದು ಸಲ ಅಟ್ಟದ ಕಡೆ ನೋಡಿ ಒಲೆ ಊದತೊಡಗಿದಳು.

ಜಗಳವಾದದ್ದು ಒಂದು ಶನಿವಾರ ಸಂಜೆಯ ಊಟದ ಹೊತ್ತಿಗೆ. ಆ ಮಧ್ಯಾಹ್ನ ಮಾರ್ಕೆಟ್ಟಿನವರು ನಮ್ಮ ಕೋಸನ್ನು ಟೆಂಪೋದಿಂದ ಇಳಿಸದೆಯೇ ವಾಪಸ್ಸು ಕಳಿಸಿದ್ದರು. ಎಲೆಯಲ್ಲಿ ತೂತು, ತೂತಿನಲ್ಲಿ ಹುಳ. ಅಪ್ಪ ಮುದ್ದೆ ಮುರಿಯುತ್ತಾ, ಹುಳಕ್ಕೆ ಔಷಧಿ ಒಗ್ಗಿಹೋಗಿದೆ, ಕುಡುಕನಿಗೆ ಹೆಂಡ ಒಗ್ಗಿದ ಹಾಗೆ, ಇನ್ನು ಬೇರೆ ಔಷಧಿ ಸೇರಿಸಿ ಹೊಡೆಯಬೇಕು ಎಂದ. ಅಮ್ಮ, ಎರಡನ್ನು ಒಂದರಲ್ಲಿ ಕಲಸಬೇಡಿ ಎಂದಳು. ಅಜ್ಜಿ ಅವತ್ತು ಎಮ್ಮೆಯ ಹತ್ತಿರ ಹೋಗಲಿಲ್ಲ. ತೊಲೆಯಲ್ಲಿ ನೇತಾಡುತ್ತಿದ್ದ ಹೀರೇಕಾಯಿಯನ್ನು ಒಮ್ಮೆ ನೋಡಿ ಅಪ್ಪನಿಗೇ ಹೇಳಿದಳು.

“ಏನ್ಲಾ, ಹುಳಾನೂ ಬಿತ್ತನೆಗೆ ಬಿಟ್ಟಿದೀಯಾ? ಒಂದೊಂದು ಎಂಗವೆ ನೋಡು, ಆರಿಸಿ ಆರಿಸಿ ಬಿಟ್ಟಂಗೆ.”

ಅದು ಬರೀ ಮೂದಲಿಕೆ. ಕೋಸು ಬೆಳೆಯುವುದು ನಿನಗೆ ಬರುವುದಿಲ್ಲ, ಹುಳ ಬೆಳೆಯುವುದು ಬರುತ್ತದೆ ಎಂಬುದಷ್ಟೇ ಅದರ ಅರ್ಥ. ಅಮ್ಮನಿಗೆ ನಗು ಬಂತು. ಅವಳು ಅದನ್ನು ತಡೆಯುವುದು ಸ್ವಲ್ಪ ತಡವಾಯಿತು. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದ. ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾರನೇ ಬೆಳಿಗ್ಗೆ ನಾನು ನೋಡಿದ್ದು ಇಷ್ಟು: ಅಪ್ಪ ಹಿತ್ತಲಲ್ಲಿ ಡ್ರಮ್ಮಿನ ಮುಂದೆ ಕೂತಿದ್ದ. ಎರಡು ಬಾಟಲಿಗಳಿದ್ದವು. ಒಂದು ಹಳೆಯದು, ಒಂದು ಗಂಗಣ್ಣನ ಅಂಗಡಿಯಿಂದ ತಂದ ಹೊಸದು. ಎರಡನ್ನೂ ಸುರಿದು ಕೋಲಿನಲ್ಲಿ ತಿರುವಿದ. ಘಾಟಿಗೆ ನಾನು ಮೂಗು ಮುಚ್ಚಿಕೊಂಡು ಒಳಗೆ ಓಡಿದೆ. ಅವನು ಪಂಪು ಬೆನ್ನಿಗೆ ಹಾಕಿಕೊಂಡದ್ದನ್ನು, ತೋಟಕ್ಕೆ ಇಳಿದದ್ದನ್ನು ನಾನು ನೋಡಲಿಲ್ಲ. ಅಮ್ಮ ಬಚ್ಚಲಿನ ಒಲೆಗೆ ಸೌದೆ ಇಡುತ್ತಿದ್ದಳು, ಅವಳೂ ನೋಡಲಿಲ್ಲ. ಅಜ್ಜಿ ಮುಂಬಾಗಿಲಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದಳು. ಬಿಸಿಲೇರಿದ ಮೇಲೆ ಅಪ್ಪ ಹಿಂಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ. ಮುಖದ ಟವೆಲು ಇರಲಿಲ್ಲ. ಬಾಯಿಂದ ಜೊಲ್ಲು, ಮೂಗಿನಿಂದ ನೀರು, ಕಣ್ಣಿನಿಂದ ನೀರು. ಅಂಗಿ ಮೈಗೆ ಮೆತ್ತಿಕೊಳ್ಳುವಷ್ಟು ಬೆವರು. ಕಣ್ಣಿನ ಕಪ್ಪು ಸಾಸಿವೆ ಕಾಳಿನಷ್ಟಾಗಿತ್ತು. ಎಲ್ಲಾ ಮಂಜು ಮಂಜು ಎಂದ, ಹೇಳುತ್ತಾ ಕುಸಿದ. ಅವನ ತೋಳಿನ ಮಾಂಸ ಚರ್ಮದ ಅಡಿಯಲ್ಲಿ ಅದುರುತ್ತಿತ್ತು. ನೆಲದ ಮೇಲೆ ಬಿದ್ದ ಅಪ್ಪನನ್ನು ನೋಡಿದಾಗ ನನಗೆ ನೆನಪಾದದ್ದು ಬಚ್ಚಲಿನ ಜಿರಳೆಗಳು.

ಮುಟ್ಟಬಾರದೆಂಬ ಕಟ್ಟುಪಾಡನ್ನು ಅಮ್ಮ ಮುರಿದಳು. ಅಂಗಿ ಹರಿದು ತೆಗೆದು, ಕೈಗೆ ಸಿಕ್ಕ ಬಿಂದಿಗೆಯ ನೀರೆಲ್ಲ ಅವನ ಮೈಮೇಲೆ ಸುರಿದಳು. ಪಕ್ಕದ ತೋಟದವರ ಟೆಂಪೋ ಬಂತು. ತರಕಾರಿ ಚೀಲಗಳ ಮೇಲೆ ಅಪ್ಪನನ್ನು ಮಲಗಿಸಿ, ಎರಡೂ ಬಾಟಲಿಗಳನ್ನು ವೈರಿನ ಬುಟ್ಟಿಗೆ ಹಾಕಿಕೊಂಡು ಅಮ್ಮ ಹತ್ತಿದಳು. ಅಜ್ಜಿಯೂ ನಾನೂ ಹತ್ತಿದೆವು. ಮೈಸೂರು ರಸ್ತೆಯುದ್ದಕ್ಕೂ ಅಪ್ಪನ ಎದೆಯಿಂದ ಹುಕ್ಕಾದಲ್ಲಿ ನೀರು ಕುದಿಯುವಂಥ ಸದ್ದು ಬರುತ್ತಿತ್ತು. ಬಾಪೂಜಿ ನಗರದ ಹತ್ತಿರದ ಆಸ್ಪತ್ರೆಯೊಂದರಲ್ಲಿ ಅವನನ್ನು ಇಳಿಸಿಕೊಂಡರು. ಅಮ್ಮ ಬಾಟಲಿಗಳನ್ನು ಹಿಡಿದು ಡಾಕ್ಟರ ಹಿಂದೆ ಓಡಿದಳು. ಬಾಗಿಲಲ್ಲಿ ಉಳಿದದ್ದು ಅಜ್ಜಿ, ನಾನು. ಒಬ್ಬ ನರ್ಸಮ್ಮ ಕಾಗದ ಸಿಕ್ಕಿಸಿದ ರಟ್ಟು ಹಿಡಿದುಕೊಂಡು ಬಂದು ಅಜ್ಜಿಯನ್ನು ಕೇಳಿದರು.

“ಔಷಧಿ ಕುಡಿದಿದಾರಾ ಅಜ್ಜಿ?”

“ಊಂ ಕಣವ್ವಾ. ನೆನ್ನೆ ಕುಡ್ದವ್ನೆ, ಕೆಮ್ಮಿಗೆ.”

ಊಂ ಎಂಬುದು ಕೇಳಿದ ಮೇಲೆ ನರ್ಸಮ್ಮ ಉಳಿದದ್ದಕ್ಕೆ ನಿಲ್ಲಲಿಲ್ಲ. ಅಜ್ಜಿ ಹೇಳಿದ್ದು ನಿಜವೇ. ಅಪ್ಪನಿಗೆ ವಾರದಿಂದ ಕೆಮ್ಮಿತ್ತು, ಗೂಡಿನ ಬಾಟಲಿಯಿಂದ ಹಿಂದಿನ ದಿನ ಕುಡಿದಿದ್ದ. ಅಜ್ಜಿಗೆ ಗೂಡು ಕಂಡಿತ್ತು, ನರ್ಸಮ್ಮನಿಗೆ ಅಟ್ಟ. ಔಷಧಿ ಕುಡಿಯುವುದು ಎಂದರೆ ಆಸ್ಪತ್ರೆಯ ಆ ಬಾಗಿಲಲ್ಲಿ ಒಂದೇ ಅರ್ಥವಿತ್ತು. ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸಿನವರು ಬಂದು ನಮ್ಮ ಪಕ್ಕದ ಬೆಂಚಿನಲ್ಲಿ ಕೂತರು. ಒರಟು ಮನುಷ್ಯರಲ್ಲ. ನನಗೆ ಬನ್ನು ಬೇಕಾ ಎಂದು ಕೇಳಿದರು. ಅಮ್ಮ ಹೊರಗೆ ಬಂದಾಗ ಅವರು ಎದ್ದು ನಿಂತು ವಿಚಾರಿಸಿದರು. ಅಮ್ಮ ಗಾಬರಿಯಿಂದ, ಕುಡಿದಿಲ್ಲ ಸಾರ್, ತೋಟಕ್ಕೆ ಹೊಡೀತಿದ್ರು ಎಂದಳು.

“ಎಲ್ರೂ ಹಂಗೇ ಹೇಳೋದಮ್ಮ. ಮನೇಲಿ ಏನಾದ್ರೂ ಜಗಳ ಆಗಿತ್ತಾ?”

ಅಮ್ಮ ಅಜ್ಜಿಯ ಕಡೆ ನೋಡಲಿಲ್ಲ. ನೋಡದೆ ಇರಲು ಅವಳು ಪಟ್ಟ ಪ್ರಯತ್ನ ನನಗೇ ಕಂಡಿತು, ಅವರಿಗೆ ಕಾಣದೆ ಇರುತ್ತದೆಯೇ. ಆಗಿತ್ತು ಎಂದು ಹೇಳಿದರೆ ಅಪ್ಪ ಕುಡಿದ ಹಾಗಾಗುತ್ತದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಅಮ್ಮ ಏನೂ ಹೇಳಲಿಲ್ಲ. ಪೊಲೀಸಿನವರು ಮತ್ತೆ ಕೂತರು. ಅಜ್ಜಿಯ ತುಟಿ ಬಿಳಚಿಕೊಂಡಿತ್ತು. ಬಹಳ ಹೊತ್ತಿನ ಮೇಲೆ ಅವಳು ನನ್ನ ಕಿವಿಗೆ ಬಾಯಿಟ್ಟು ಕೇಳಿದಳು.

“ಅಮ್ಮೀ, ಅವ್ನು ಪಂಪು ಒತ್ಕಂಡು ಓಗಿದ್ದು ನೀನು ನೋಡ್ದಾ?”

ನೋಡಲಿಲ್ಲ ಎಂದೆ. ಅದು ನಿಜವಾಗಿತ್ತು. ಡ್ರಮ್ಮು, ಎರಡು ಬಾಟಲಿ, ಕೋಲು. ಅಲ್ಲಿಗೆ ನಾನು ಕಂಡದ್ದು ಮುಗಿಯುತ್ತಿತ್ತು. ಆಮೇಲಿನದು ಬಾಗಿಲಿಗೆ ಬಂದು ಕುಸಿದ ಅಪ್ಪ. ನಡುವೆ ಏನು ನಡೆಯಿತೆಂದು ನಮ್ಮ ಮೂವರಿಗೂ ಗೊತ್ತಿರಲಿಲ್ಲ. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಗೆರೆ ಎಳೆಯಬೇಕು ಎಂದು ಮುಂದೆ ಎಷ್ಟೋ ಹೊಸ ವರದಿಗಾರರಿಗೆ ಹೇಳಿದ್ದೇನೆ. ಆ ಗೆರೆಯ ಈಚೆ ಬದಿಯಲ್ಲಿ ಕೂತಿರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆ ಬೆಂಚಿನ ಮೇಲೆ. ಅಜ್ಜಿಯ ಕೈ ನನ್ನ ಕೈಯೊಳಗಿತ್ತು. ಅದು ಅಪ್ಪನ ತೋಳಿನಂತೆಯೇ ಅದುರುತ್ತಿತ್ತು. ಅವಳ ಕೈಗೂ ಅದು ತಗುಲಿದೆಯೇ, ಈಗ ನನ್ನ ಕೈಗೆ ಹತ್ತುತ್ತದೆಯೇ ಎಂದು ಹೆದರಿದೆ. ಬಿಡಿಸಿಕೊಳ್ಳಲು ಮನಸ್ಸಾಯಿತು, ಬಿಡಿಸಿಕೊಳ್ಳಲಿಲ್ಲ.

ಡಾಕ್ಟರು ಹೊತ್ತು ಹೊತ್ತಿಗೆ ಸೂಜಿ ಹಾಕುತ್ತಾ ಹೋದರು. ಮಾರನೇ ದಿನ ಮಧ್ಯಾಹ್ನ ಅಪ್ಪ ಕಣ್ಣು ಬಿಟ್ಟ. ಈ ಸಲ ಕಣ್ಣಿನ ಕಪ್ಪು ಹುಣಸೆಬೀಜದಷ್ಟು ದೊಡ್ಡದಾಗಿತ್ತು. ಅದು ಸೂಜಿಯ ಗುಣವಂತೆ. ಒಳಗೆ ಬಿಟ್ಟದ್ದೇ ತಡ ಅಜ್ಜಿ ಹಾಸಿಗೆಯ ಕಂಬಿ ಹಿಡಿದು, ಹೇಗಿದ್ದೀಯ ಎಂದೂ ಕೇಳದೆ, ಕುಡ್ದಾ ಎಂದು ಕೇಳಿದಳು. ಅಪ್ಪನಿಗೆ ಬಾಯಿ ಒಣಗಿ ನಾಲಿಗೆ ಹೊರಳುತ್ತಿರಲಿಲ್ಲ.

“ಯಾಕವ್ವಾ ಕುಡೀಲಿ? ಗಾಳಿ ತಿರುಗ್ತು. ಇನ್ನೂ ಅರ್ಧ ತೋಟ ಬಾಕಿ ಐತೆ.”

ಅಜ್ಜಿ ಅಲ್ಲೇ ನೆಲದ ಮೇಲೆ ಕೂತಳು. ಅಮ್ಮ ಹೊರಗೆ ಹೋಗಿ ಪೊಲೀಸಿನವರನ್ನು ಕರೆತಂದು, ಈಗ ಕೇಳಿ ಎಂದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಅಪ್ಪ ಸಾಯಲು ಹೊರಟಿರಲಿಲ್ಲ ಎಂಬುದು ಸರಿ. ಆದರೆ ಅರ್ಧ ತೋಟ ಬಾಕಿ ಇದೆ ಎಂದಿದ್ದ. ಮನೆಗೆ ಕಳಿಸುವಾಗ ಡಾಕ್ಟರು, ಇನ್ನು ಆರು ತಿಂಗಳು ಆ ವಾಸನೆಯ ಹತ್ತಿರವೂ ಹೋಗಬೇಡಿ, ಈಗ ನಿಮ್ಮ ಮೈ ಸ್ವಲ್ಪವನ್ನೂ ತಡೆಯುವುದಿಲ್ಲ ಎಂದರು. ಹುಳಕ್ಕೆ ಒಗ್ಗಿರುವುದು ತನಗೆ ಯಾಕೆ ಒಗ್ಗುವುದಿಲ್ಲ ಎಂದು ಅಪ್ಪ ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದ. ಡಾಕ್ಟರು ನಕ್ಕು, ನೀವೊಬ್ಬರೇ ಇದ್ದೀರಲ್ಲ ಗೌಡರೆ ಎಂದಷ್ಟೇ ಹೇಳಿ ಮುಂದಿನ ಹಾಸಿಗೆಗೆ ಹೋದರು.

ಆ ಉತ್ತರ ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಡೆಸ್ಕಿನಲ್ಲಿದ್ದಾಗ ಒಂದು ಸುದ್ದಿಯಲ್ಲಿ, ಹುಳುಗಳು ಔಷಧಿಗೆ ಒಗ್ಗಿಕೊಂಡಿವೆ ಎಂಬ ವಾಕ್ಯವಿತ್ತು. ಖಚಿತಪಡಿಸಿಕೊಳ್ಳಲು ಕೀಟಶಾಸ್ತ್ರದ ಮೇಷ್ಟರೊಬ್ಬರಿಗೆ ಫೋನ್ ಮಾಡಿದೆ. ಅವರು ‘ಒಗ್ಗಿಕೊಂಡಿವೆ’ ತೆಗೆಯಿರಿ ಎಂದರು. ಯಾವ ಹುಳವೂ ಒಗ್ಗುವುದಿಲ್ಲ. ಕುಡುಕನ ಹೋಲಿಕೆ ತಪ್ಪು. ಹುಳದ ದೊಡ್ಡ ಹಿಂಡಿನಲ್ಲಿ ಹುಟ್ಟುವಾಗಲೇ ಕೆಲವು ಬೇರೆ ಇರುತ್ತವೆ. ಕೆಲವುಗಳ ಮೈ ವಿಷವನ್ನು ಬೇಗ ಒಡೆದುಹಾಕುತ್ತದೆ. ಕೆಲವುಗಳ ನರದಲ್ಲಿ ವಿಷ ಹೋಗಿ ಕೂರುವ ಜಾಗದ ಆಕಾರವೇ ಒಂದಿಷ್ಟು ಬದಲಾಗಿರುತ್ತದೆ, ಕೀಲಿಗೆ ಸರಿಹೊಂದದ ಬೀಗದ ಹಾಗೆ. ಔಷಧಿ ಬರುವ ಮುಂಚೆ ಅವು ಹಿಂಡಿನಲ್ಲಿ ಕಳೆದುಹೋಗಿರುತ್ತವೆ. ಹೊಡೆದಾಗ ಉಳಿದವೆಲ್ಲ ಸತ್ತು, ಇವು ಮಾತ್ರ ಬದುಕಿ, ತಮ್ಮತಮ್ಮಲ್ಲೇ ಕೂಡಿ, ಆ ಗುಣವನ್ನು ಮರಿಗೆ ಕೊಡುತ್ತವೆ. ಬೆಂಗಳೂರಿನ ಹವೆಯಲ್ಲಿ ಕೋಸಿನ ಹುಳಕ್ಕೆ ಬಿಡುವೇ ಇಲ್ಲ. ಕೆಲವೇ ವಾರಕ್ಕೊಂದು ತಲೆಮಾರು. ಹುಳವನ್ನು ತಿನ್ನುತ್ತಿದ್ದ ಕಣಜದ ಹುಳುಗಳು ಮೊದಲ ಏಟಿಗೇ ಹೋಗಿರುತ್ತವೆ. ಪ್ರತಿ ಸಲ ಹೊಡೆದಾಗಲೂ ರೈತ ಹಿಂಡನ್ನು ಜರಡಿ ಹಿಡಿದ ಹಾಗೆ ಎಂದರು ಮೇಷ್ಟರು. ನಮ್ಮ ಹೊಸ್ತಿಲಿನ ಇರುವೆಗಳನ್ನು ಯಾರೂ ಹಾಗೆ ಜರಡಿ ಹಿಡಿದಿರಲಿಲ್ಲ. ಅದಕ್ಕೇ ಅವು ಸತ್ತವು. ಅಪ್ಪನ ವಿಷಯದಲ್ಲಂತೂ ಜರಡಿ ಹಿಡಿಯಲು ಹಿಂಡೇ ಇರಲಿಲ್ಲ, ಅವನೊಬ್ಬನೇ. ಅಜ್ಜಿ ಸಿಟ್ಟಿನಲ್ಲಿ ಹೇಳಿದ್ದು ಮೂದಲಿಕೆಯಾಗಿ ಮಾತ್ರ ತಪ್ಪಾಗಿತ್ತು. ಮಾತು ಸರಿಯಾಗಿಯೇ ಇತ್ತು. ಅದು ಅವಳಿಗೂ ಗೊತ್ತಿರಲಿಲ್ಲ. ಮುಚ್ಚಳದಿಂದ ಮುಚ್ಚಳಕ್ಕೆ ಅಪ್ಪ ಗಟ್ಟಿಯಾದದ್ದನ್ನು ಆರಿಸಿ ಆರಿಸಿ ಬಿಡುತ್ತಾ ಬಂದಿದ್ದ.

ಆಸ್ಪತ್ರೆಯಿಂದ ಬಂದ ಅಪ್ಪ ಮುಂಬಾಗಿಲ ಜಗಲಿಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ, ನಾಲ್ಕು ಹೆಜ್ಜೆಗೆ ಮಂಡಿ ಮಡಚಿಕೊಳ್ಳುತ್ತಿತ್ತು. ಪಂಪು ಹಿತ್ತಲಲ್ಲೇ ಬಿದ್ದಿತ್ತು. ಅಮ್ಮ ಅದನ್ನು ಮುಟ್ಟಿರಲಿಲ್ಲ, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ, ಅವನಿಗೆ ಗಂಜಿ ಕೊಟ್ಟು ಅಮ್ಮ ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಗ, ಅಪ್ಪ ನನ್ನನ್ನು ಕರೆದ.

“ಮಗಾ, ತೋಟಕ್ಕೆ ಹೋಗಿ ಎಲೆ ಮಗುಚಿ ನೋಡ್ಕಂಡು ಬಾ. ಹೊಡ್ದಿರೋ ಕಡೆ. ಸತ್ತವಾ ಅಂತ.”

ಅಮ್ಮನ ಬೆರಳು ಮೊರದಲ್ಲಿ ನಿಂತಿತು. ನನಗೆ ಗೊತ್ತಿತ್ತು: ಸತ್ತಿದ್ದರೆ ಈ ಮಿಶ್ರಣ ಸರಿ ಎಂದಾಯಿತು, ಬಾಕಿ ಅರ್ಧಕ್ಕೆ ಹೊಡೆಯುತ್ತಾನೆ. ಸಾಯದಿದ್ದರೆ ಇನ್ನೂ ಗಟ್ಟಿಯಾದದ್ದನ್ನು ಕಲಸಿ ಹೊಡೆಯುತ್ತಾನೆ. ಯಾವ ಉತ್ತರ ತಂದರೂ ಅವನು ಏಳುತ್ತಾನೆ. ನಾನು ಶಾಲೆಯ ಟಿಫಿನ್ ಬಾಕ್ಸ್ ತೆಗೆದುಕೊಂಡು ಹೋದೆ. ಬೆರಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿರು ಎಂದು ಅಜ್ಜಿ ಹಿಂದಿನಿಂದ ಕೂಗಿದಳು. ತೋಟದಲ್ಲಿ ಘಾಟು ಇನ್ನೂ ಇತ್ತು. ಸಾಲಿನ ನಡುವೆ ಒಂದು ಗುಬ್ಬಿ ಸತ್ತು ಒಣಗಿತ್ತು. ಮೊದಲ ಎಲೆ ಮಗುಚಿದೆ, ಎರಡನೆಯದು, ಮೂರನೆಯದು. ಎಲೆಗಳಲ್ಲಿ ನರ ಮಾತ್ರ ಉಳಿದಿತ್ತು. ನನ್ನ ಕೈ ತಗುಲಿದ್ದಕ್ಕೆ ಒಂದು ಹುಳ ಹಿಂದಕ್ಕೆ ಹೊರಳಿ, ಜಾರಿ, ನನ್ನ ಮುಖದ ಎದುರಿಗೆ ನೂಲಿನಲ್ಲಿ ತೂಗಾಡಿತು. ಉಸಿರು ಹಿಡಿದು ಎಲೆಯ ಸಮೇತ ಅದನ್ನು ಬಾಕ್ಸಿಗೆ ಹಾಕಿ ಮುಚ್ಚಳ ಒತ್ತಿದೆ. ಮನೆಗೆ ಬರುವವರೆಗೂ ಬಾಕ್ಸನ್ನು ಮೈಯಿಂದ ದೂರ ಚಾಚಿ ಹಿಡಿದಿದ್ದೆ.

ಜಗಲಿಯ ಮೇಲೆ ಬಾಕ್ಸ್ ತೆರೆದೆ. ಅಪ್ಪ ಬಗ್ಗಿ ನೋಡಿದ. ಹುಳ ಎಲೆಯ ಅಂಚಿನಲ್ಲಿ ತಲೆಯಾಡಿಸುತ್ತಾ ತಿನ್ನುತ್ತಿತ್ತು. ತನ್ನನ್ನು ಕೆಡವಿದ್ದನ್ನು ಕುಡಿದು ಕೂತಿದ್ದ ಆ ಜೀವವನ್ನು ಅವನು ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ನನಗೆ ಅವತ್ತು ಹೆಸರು ಗೊತ್ತಿಲ್ಲದ ಇನ್ನೇನೋ ಇತ್ತು. ಅಜ್ಜಿ ಕೈ ಚಾಚಿ ಹುಳವನ್ನು ಎತ್ತಿ, ಹೇನು ಕುಕ್ಕುವ ಹಾಗೆ ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಒತ್ತಿದಳು. ಸಣ್ಣ ಹಸಿರು ತೇವ.

“ಸತ್ತೋಯ್ತು, ತಗಾ.”

ಅಪ್ಪ ಅವಳ ಉಗುರನ್ನೇ ನೋಡುತ್ತಾ ಕೇಳಿದ:

“ಉಳಿದವು?”

ಅವನ ಕೈ ಗೋಡೆಯನ್ನು ಹಿಡಿದು ಏಳಲು ನೋಡುತ್ತಿತ್ತು. ಅಮ್ಮ ಮೊರದಿಂದ ತಲೆ ಎತ್ತದೆ, ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದು ಹೇಳಿದಳು.

“ಉಳ್ಕೊಳ್ಳಿ ಬಿಡಿ. ನೀವು ಉಳ್ಕೊಂಡ್ರಲ್ಲ.”

ಅಪ್ಪನ ಕೈ ಗೋಡೆಯಿಂದ ಇಳಿಯಿತು. ಅವತ್ತು ಅವನು ತೋಟಕ್ಕೆಂದು ಏಳಲಿಲ್ಲ. ಆ ಪಂಪನ್ನು ಮತ್ತೆ ಬೆನ್ನಿಗೆ ಹಾಕಲೂ ಇಲ್ಲ. ನಾನು ಬಾಕ್ಸನ್ನು ಮಣ್ಣು ಹಾಕಿ ಉಜ್ಜಿ ತೊಳೆದೆ, ಆದರೂ ಮುಂದೆ ಅದರಲ್ಲಿ ಊಟ ಮಾಡಲಾಗಲಿಲ್ಲ. ತೊಳೆಯುತ್ತಿರುವಾಗಲೇ ಪಕ್ಕದ ತೋಟದಿಂದ ಸದ್ದು ಶುರುವಾಯಿತು. ಯಾರದೋ ಬೆನ್ನಿನ ಪಂಪು, ಚುಸ್, ಚುಸ್. ನಮ್ಮ ತೋಟದ ಮೇಲಿಂದ ಬೂದು ಪತಂಗಗಳು ಎದ್ದು ಬದು ದಾಟಿ ಆ ಕಡೆಗೆ ಹೋಗುತ್ತಿದ್ದವು. ಗಾಳಿ ಯಾವ ಕಡೆಗಿದೆ ಎಂದು ಅಮ್ಮ ಸೆರಗಿನ ತುದಿ ಹಿಡಿದು ನೋಡಿದಳು. ಆಮೇಲೆ ಎಲ್ಲರೂ ಅಪ್ಪನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಎರಡೂ ಬಾಗಿಲು ಹಾಕಿದೆವು.